ಗಾಜಕ್ಕನ ಕಂದು ಗೋಳ

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ಗಾಜಕ್ಕ ಎಂದೇ ಕರೆಯುತ್ತಾರೆ. ಅಂಗಡಿಗಳ ತಲೆಯ ಮೇಲೆ ಕೆಂಪಗೆ, ನೀಲಿಯಾಗಿ ಉರಿಯುವ ನಿಯಾನ್ ಬೋರ್ಡುಗಳನ್ನು ಮಾಡುವುದು ಅವರ ಕಸುಬು. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಮೆತ್ತಗೆ ಮಾಡಿ, ಅಕ್ಷರದ ಆಕಾರಕ್ಕೆ ಬಗ್ಗಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಆ ಜಾಗದಲ್ಲಿ ಚೂರೇ ಚೂರು ಅನಿಲ ತುಂಬಿ, ಎರಡೂ ತುದಿಗೆ ವಿದ್ಯುತ್ ಕೊಟ್ಟರೆ ಅಕ್ಷರ ಉರಿಯುತ್ತದೆ. ಹೇಳಲು ಒಂದು ವಾಕ್ಯ ಸಾಕು. ಕಲಿಯಲು ಅತ್ತೆಗೆ ಅರ್ಧ ಯೌವನ ಬೇಕಾಯಿತು. ಕಲಿಸಿದವರು ಅವರ ಗಂಡ. ಮಾವನ ಅಕ್ಷರ ಮುದ್ದಾಗಿತ್ತು, ಆದರೆ ಗಾಜು ಬಗ್ಗಿಸುವುದು ಅಷ್ಟಕ್ಕಷ್ಟೆ. ಅತ್ತೆಯ ಕೈ ಪಳಗಿದ ಮೇಲೆ ಮಾವ ಬರೆದುಕೊಟ್ಟರು, ಅತ್ತೆ ಬಗ್ಗಿಸಿದರು. ಮಾವ ತೀರಿಕೊಂಡ ಮೇಲೆ ಎರಡನ್ನೂ ಅತ್ತೆಯೇ ಮಾಡತೊಡಗಿದರು.

ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಯುದ್ದಕ್ಕೂ ಕೊಳವೆಗಳು ಒರಗಿಕೊಂಡಿರುತ್ತವೆ. ನಡುವೆ ಉದ್ದನೆಯ ಮೇಜು, ಅದರ ಮೇಲೆ ಗ್ಯಾಸಿನ ಬರ್ನರ್, ಮೂಲೆಯಲ್ಲಿ ಎಣ್ಣೆ ಪಂಪು. ಕೆಲಸ ಮಾಡುವಾಗ ಕೊಳವೆಯ ಒಂದು ತುದಿಯನ್ನು ಬಿರಡೆಯಿಂದ ಮುಚ್ಚಿ, ಇನ್ನೊಂದು ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ನಳಿಕೆಯ ಕೊನೆಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಾರೆ. ಗಾಜು ಮೆತ್ತಗಾಗಿ ಜೋತುಬಿದ್ದ ಕ್ಷಣವೇ ಬಗ್ಗಿಸಬೇಕು, ಬಗ್ಗಿಸಿದ ಕ್ಷಣವೇ ಹದವಾಗಿ ಊದಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಕೊಳವೆ ಚಪ್ಪಟೆಯಾಗುತ್ತದೆ. ಆಗ ಯಾರಾದರೂ ಮಾತಾಡಿಸಿದರೆ ಅತ್ತೆ ಹುಬ್ಬಿನಲ್ಲೇ ಬೈಯುತ್ತಾರೆ. ಎಡ ಹುಬ್ಬು ಎದ್ದರೆ "ಆಮೇಲೆ ಬಾ" ಎಂದರ್ಥ. ಎರಡೂ ಎದ್ದರೆ ಓಡುವುದು ವಾಸಿ.

ಆದರೆ ಅತ್ತೆಯ ಹೆಸರು ನಿಂತಿರುವುದು ಬಗ್ಗಿಸುವುದರ ಮೇಲಲ್ಲ, ಶುಚಿಯ ಮೇಲೆ. ಅನಿಲ ತುಂಬುವ ಮೊದಲು ಕೊಳವೆಯೊಳಗೆ ಜೋರಾದ ವಿದ್ಯುತ್ ಹರಿಸಿ, ಗಾಜು ಕೈಗೆ ತಾಗದಷ್ಟು ಕಾಯುವಂತೆ ಮಾಡುತ್ತಾರೆ. ಒಳಗೆ ಅಂಟಿಕೊಂಡ ತೇವ, ಎಣ್ಣೆ, ಧೂಳು ಎಲ್ಲ ಬಿಟ್ಟುಕೊಂಡು ಪಂಪಿನ ಪಾಲಾಗುತ್ತದೆ. ಅತ್ತೆ ಇದನ್ನು ಸ್ನಾನ ಮಾಡಿಸುವುದು ಎನ್ನುತ್ತಾರೆ. ಸ್ನಾನ ಸರಿಯಾಗಿ ಆಗದ ಕೊಳವೆ ಕೆಲವು ತಿಂಗಳಲ್ಲೇ ತುದಿಯ ಹತ್ತಿರ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಗಿರಾಕಿಗೆ ಅದು ಕಾಣುವುದೂ ಇಲ್ಲ. ಆದರೆ ಒಮ್ಮೆ ಔಷಧಿ ಅಂಗಡಿಯ ಬೋರ್ಡಿನಲ್ಲಿ ಉಗುರಿನಷ್ಟು ಕಲೆ ಕಂಡಿತೆಂದು ಅತ್ತೆ ಏಣಿ ಹತ್ತಿ ಇಡೀ ಬೋರ್ಡನ್ನೇ ಇಳಿಸಿಕೊಂಡು ಬಂದಿದ್ದರು. ಅಂಗಡಿಯವರು ಬೇಡ ಬೇಡ ಎಂದರೂ ಕೇಳಲಿಲ್ಲ.

"ಕೊಳವೆಗೆ ಮಾಡಿಸೋ ಅಷ್ಟು ಸ್ನಾನ ನನಗೆ ಮದುವೆ ದಿನಾನೂ ಆಗಿರ್ಲಿಲ್ಲ," ಎಂದು ಅಪ್ಪ ಅಣಕಿಸುತ್ತಿದ್ದರು.

"ಅದು ನೋಡಿದ್ರೇ ಗೊತ್ತಾಗತ್ತೆ," ಎಂದು ಅತ್ತೆ ಅನ್ನುತ್ತಿದ್ದರು.

ಅಪ್ಪ ಅತ್ತೆಯ ತಮ್ಮ. ದರ್ಜಿ. ಮುಂದಿನ ಕೋಣೆಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ ಅವರ ಹೊಲಿಗೆ ಯಂತ್ರ. ಬಟ್ಟೆ ಕತ್ತರಿಸಲು ಜಾಗವಿಲ್ಲದೆ ಮಂಚದ ಮೇಲೆ ಹಾಸಿಕೊಂಡು ಕತ್ತರಿಸುತ್ತಾರೆ. ಒಂದೆರಡು ಸಲ ಗಿರಾಕಿಯ ಬಟ್ಟೆಯ ಜೊತೆಗೆ ನಮ್ಮ ಹೊದಿಕೆಯೂ ಕತ್ತರಿಸಿಹೋಗಿದೆ. ಅಮ್ಮ ಅಡುಗೆಮನೆಗೆ ಹೋಗಬೇಕಾದರೆ ಯಾರದೋ ಅಂಗಿಯ ತೋಳನ್ನು ಎತ್ತಿ ಅದರ ಕೆಳಗೆ ನುಸುಳಬೇಕು. ಮುಂದಿನ ಕೋಣೆ ಸಿಕ್ಕಿದ್ದರೆ ಅಪ್ಪ ಒಂದು ದೊಡ್ಡ ಮೇಜು ಹಾಕಿ ನೆಟ್ಟಗೆ ನಿಂತು ಕೆಲಸ ಮಾಡಬಹುದಿತ್ತು. ಅವರ ಸೊಂಟನೋವಿಗೆ ಡಾಕ್ಟರು ಹೇಳಿದ ಮದ್ದೂ ಅದೇ.

ಅಷ್ಟರಲ್ಲಿ ಪ್ಲಾಸ್ಟಿಕ್ ಪಟ್ಟಿಯ ಎಲ್‌ಇಡಿ ದೀಪಗಳು ಬಂದವು. ಗಾಜಿನ ಬೋರ್ಡುಗಳು ಒಂದೊಂದಾಗಿ ಇಳಿದವು. ಅತ್ತೆಯ ಬರ್ನರ್ ವಾರಗಟ್ಟಲೆ ಉರಿಯದೆ ಕುಳಿತಿರುತ್ತಿತ್ತು. ಅಪ್ಪ ಬಾಯಿ ಬಿಟ್ಟು ಕೋಣೆ ಕೇಳಲಿಲ್ಲ. ಅತ್ತೆಯೇ ಒಂದು ದಿನ ಚಹಾ ಕುಡಿಯುತ್ತ ಹೇಳಿದರು.

"ಇನ್ನೊಂದೇ ಒಂದು ಕೆಲಸ ನೋಡ್ತೀನಿ ಕಣೋ. ಅದು ಕೈ ಹಿಡೀಲಿಲ್ಲ ಅಂದ್ರೆ ಪಂಪು ಗುಜರಿಗೆ, ಕೋಣೆ ನಿನಗೆ."

"ನಾನು ಕೇಳಿದ್ನಾ?"

"ನೀನು ಕೇಳಲ್ಲ. ನಿನ್ನ ಸೊಂಟ ಕೇಳತ್ತೆ."

ಆ ಒಂದೇ ಒಂದು ಕೆಲಸವನ್ನು ತಂದವರು ಮಕ್ಕಳ ವಿಜ್ಞಾನ ಕೇಂದ್ರದ ಮೇಡಂ. ರಸಾಯನಶಾಸ್ತ್ರ ಓದಿದವರು. ಒಂದು ಚಿತ್ರ ತಂದು ಮೇಜಿನ ಮೇಲೆ ಹರಡಿದರು. ಕೆಳಗೊಂದು ಗಾಜಿನ ಗೋಳ, ಮೇಲೊಂದು ದೊಡ್ಡ ಗೋಳ, ಎರಡನ್ನೂ ಸುತ್ತುಹಾಕಿ ಸೇರಿಸುವ ಕೊಳವೆಗಳು. ಮೇಲಿನ ಗೋಳದೊಳಗೆ ಎದುರುಬದುರಾಗಿ ಎರಡು ಲೋಹದ ಕಡ್ಡಿಗಳು, ಅವುಗಳ ನಡುವೆ ಕಿಡಿ ಹಾರಬೇಕು.

"ಇದ್ರಲ್ಲಿ ಏನು ಮಾಡ್ತೀರಿ ಮೇಡಂ?" ಅತ್ತೆ ಕೇಳಿದರು.

"ಹಳೇ ಭೂಮಿ ಮಾಡ್ತೀವಿ ಅಕ್ಕ."

"ಎಷ್ಟು ಹಳೇದು?"

"ಸುಮಾರು ನಾನೂರು ಕೋಟಿ ವರ್ಷ. ಆಗ ಗಿಡ ಇಲ್ಲ, ಹುಳ ಇಲ್ಲ, ಗಾಳೀಲಿ ಆಮ್ಲಜನಕ ಅನ್ನೋದು ಇಲ್ಲವೇ ಇಲ್ಲ ಅನ್ನೋ ಹಾಗೆ. ಈ ಕೆಳಗಿನ ಗೋಳದಲ್ಲಿ ನೀರು ಕುದಿಯತ್ತಲ್ಲ, ಅದು ಸಮುದ್ರ. ಮೇಲಿನ ಗೋಳದಲ್ಲಿ ಮೀಥೇನ್, ಅಮೋನಿಯಾ, ಜಲಜನಕ. ಅದು ಆಗಿನ ಗಾಳಿ ಅಂದ್ಕೊಳ್ಳಿ. ನೀವು ಕೊಡೋ ಕಿಡಿ ಸಿಡಿಲು. ಆವಿ ಮೇಲೆ ಹೋಗಿ, ಸಿಡಿಲಿಗೆ ಸಿಕ್ಕಿ, ತಣ್ಣಗಾಗಿ ಮಳೆ ಥರ ಮತ್ತೆ ಕೆಳಗಿನ ಸಮುದ್ರಕ್ಕೇ ಇಳಿಯತ್ತೆ. ದಿನಾ ಅದೇ ಸುತ್ತು."

ಓಣಿಯಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. "ಮನುಷ್ಯರು ಯಾವ ಕೊಳವೇಲಿ ಇಳೀತಾರೆ ಮೇಡಂ?" ಅಪ್ಪ ಕೇಳಿದರು.

ಮೇಡಂ ನಕ್ಕರು. "ಮನುಷ್ಯರಿರಲಿ, ಒಂದು ಕ್ರಿಮಿ ಕೂಡ ಇಳಿಯಲ್ಲ ಅಣ್ಣ. ಜೀವ ಕಟ್ಟೋಕೆ ಬೇಕಾದ ಬಿಡಿ ಸಾಮಾನು ಒಂದಿಷ್ಟು ಇಳಿಯಬಹುದು. ಅಮೈನೋ ಆಮ್ಲ ಅಂತಾರೆ. ನಮ್ಮ ಮೈಯ ಪ್ರೋಟೀನ್ ಎಲ್ಲ ಅದರಿಂದಲೇ ಕಟ್ಟಿರೋದು. ಜೀವವೇ ಇಲ್ಲದ ಕಡೆ, ಬರೀ ಗಾಳಿ ನೀರು ಸಿಡಿಲಿನಿಂದ ಅದು ಹುಟ್ಟಬಹುದು ಅಂತ ತೋರಿಸಬೇಕು, ಅಷ್ಟೆ."

"ಅಂದ್ರೆ ಬಟ್ಟೆ, ದಾರ, ಗುಂಡಿ ಇಳಿಯತ್ತೆ. ಅಂಗಿ ಇಳಿಯಲ್ಲ."

"ಅದೇ ಅದೇ! ಅಂಗಿಗೆ ಮೊದಲ ಹೊಲಿಗೆ ಹೇಗೆ ಬಿತ್ತು ಅನ್ನೋದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಅಪ್ಪ ದೊಡ್ಡ ವಿಷಯ ಬಗೆಹರಿಸಿದವರಂತೆ ತಲೆಯಾಡಿಸಿ ಯಂತ್ರ ತುಳಿಯತೊಡಗಿದರು.

ಮೇಡಂ ಎರಡು ಮಾತು ಸ್ಪಷ್ಟವಾಗಿ ಹೇಳಿದರು. ಒಂದು, ಹೊರಗಿನ ಗಾಳಿ ಎಳ್ಳಷ್ಟೂ ಒಳಗೆ ನುಗ್ಗಬಾರದು. ಆಮ್ಲಜನಕ ಸೇರಿದರೆ ಕಿಡಿ ತಾಗಿ ಗೋಳ ಸಿಡಿಯಬಹುದು. ಅತ್ತೆಗೆ ಇದು ಅವಮಾನವೆನಿಸಿತು. "ಸೋರೋ ಮಾತು ನನ್ನ ಹತ್ರ ಆಡ್ಬೇಡಿ ಮೇಡಂ. ಮೂವತ್ತು ವರ್ಷದಿಂದ ಗಾಳಿ ಹೊರಗಿಡೋದೇ ನನ್ನ ಉದ್ಯೋಗ," ಎಂದರು. ಎರಡನೆಯದು, ಕೇಂದ್ರದ ಹಿರಿಯರಿಗೆ ಇದರ ಮೇಲೆ ಅಷ್ಟು ನಂಬಿಕೆಯಿಲ್ಲ. ಗೋಡೆಗೆ ಒಂದು ಬಣ್ಣದ ಚಿತ್ರ ಬರೆಸಿದರೆ ಸಾಕು ಎನ್ನುತ್ತಿದ್ದಾರೆ. ಮೊದಲು ಇಲ್ಲೇ ಎರಡು ವಾರ ಓಡಿಸಿ, ನೀರಿನಲ್ಲಿ ಅಮೈನೋ ಆಮ್ಲ ಸಿಕ್ಕಿತೆಂದು ತೋರಿಸಿದರೆ ಗಾಜು ಕೇಂದ್ರಕ್ಕೆ ಹೋಗುತ್ತದೆ, ಮುಂದೆ ಅಲ್ಲಿನ ಗಾಜಿನ ಕೆಲಸವೆಲ್ಲ ಅತ್ತೆಗೇ. ಸಿಗದಿದ್ದರೆ ಚಿತ್ರ.

ಅತ್ತೆ ಒಪ್ಪಿದರು. ಈ ಗಾಜು ಅವರು ಬಲ್ಲ ಗಾಜಲ್ಲ, ಬಿಸಿ ತಡೆಯುವ ಗಟ್ಟಿ ಗಾಜು. ಮಾಮೂಲಿ ಉರಿಗೆ ಜಗ್ಗುವುದೇ ಇಲ್ಲ. ಜಗ್ಗಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಮೊದಲೆರಡು ಬೆಸುಗೆ ಆರುವಾಗಲೇ ಟಿಕ್ಕೆಂದು ಸೀಳಿದವು. ಅತ್ತೆ ಗಾಜಿಗೆ ಬೈಯಲಿಲ್ಲ, ಬೆಂಕಿಗೂ ಬೈಯಲಿಲ್ಲ. ಅಪ್ಪನಿಗೆ ಬೈದರು, ಬಾಗಿಲು ತೆಗೆದು ಗಾಳಿ ಬಿಟ್ಟನೆಂದು. ಮೂರನೆಯದು ನಿಂತಿತು. ಎಲ್ಲ ಸೇರಿದ ಮೇಲೆ ಒಳಗಿನ ಗಾಳಿ ಎಳೆದು, ಕೊಳವೆಗಳಿಗೆ ತಮ್ಮ ಪದ್ಧತಿಯಂತೆ ಸ್ನಾನ ಮಾಡಿಸಿ, ಮೇಡಂ ತಂದುಕೊಟ್ಟ ಅನಿಲದ ಸೀಸೆಗಳಿಂದ ಅಳತೆಯಂತೆ ತುಂಬಿದರು. ತುಂಬುವ ಮೊದಲ ದಿನ ಮೇಡಂ ಪಕ್ಕದಲ್ಲೇ ಇದ್ದು ಎಲ್ಲ ತೋರಿಸಿಕೊಟ್ಟರು. ನೀರು ಕುದಿಸಲು ಕೆಳಗಿನ ಗೋಳದ ಅಡಿಗೆ ವಿದ್ಯುತ್ ಒಲೆ ಇಟ್ಟು, ಸುತ್ತ ತಂತಿಯ ಪಂಜರ ನಿಲ್ಲಿಸಿದರು. ಕಿಡಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಅಪ್ಪ ದಪ್ಪ ಬಟ್ಟೆಯ ಪರದೆ ಹೊಲಿದುಕೊಟ್ಟರು. ಅದು ಓಡುವಷ್ಟು ದಿನ ಆ ಕೋಣೆಯಲ್ಲಿ ಬರ್ನರ್ ಹಚ್ಚುವಂತಿಲ್ಲ, ಹಗಲು ಯಾರಾದರೂ ಪಕ್ಕದಲ್ಲಿದ್ದಾಗ ಮಾತ್ರ ಓಡಿಸಬೇಕು ಎಂದು ಮೇಡಂ ಹೇಳಿಹೋದರು. ನೀರು ತಿಳಿಗುಲಾಬಿ ಬಣ್ಣಕ್ಕೆ ತಿರುಗಬಹುದು, ಹೆದರಬೇಡಿ ಎಂದೂ ಹೇಳಿದರು. ಗಾಜಿನ ಬಣ್ಣದ ಮಾತು ಅವರು ಎತ್ತಲಿಲ್ಲ.

ಚಿಟಿಚಿಟಿ ಎಂದು ಕಿಡಿ ಶುರುವಾಯಿತು. ಅಮ್ಮ ಅಡುಗೆಮನೆಯಿಂದಲೇ ಕೂಗಿದರು. "ಅತ್ತಿಗೇ, ಹಳೇ ಭೂಮೀಲಿ ಇಷ್ಟು ಗಲಾಟೆ ಇತ್ತಾ?"

"ಆಗ ಕೇಳೋಕೆ ಯಾರಿದ್ರು? ಈಗ ನೀನಿದ್ದೀಯ, ಅನುಭವಿಸು!"

ಮೂರನೆಯ ದಿನ ಅತ್ತೆ ಪರದೆ ಸರಿಸಿ ನೋಡಿದರು. ನೀರು ಮೇಡಂ ಹೇಳಿದಂತೆ ನಸುಗುಲಾಬಿಯಾಗಿತ್ತು. ಆದರೆ ಮೇಲಿನ ಗೋಳದಲ್ಲಿ, ಲೋಹದ ಕಡ್ಡಿಗಳ ಸುತ್ತ, ಗಾಜಿನ ಒಳಮೈಗೆ ತೆಳ್ಳಗೆ ಕಂದು ಹತ್ತಿತ್ತು. ಅತ್ತೆಯ ಮುಖ ಸಣ್ಣದಾಯಿತು. ಆ ಜಾಗದ ಆ ಬಣ್ಣ ಅವರಿಗೆ ಗೊತ್ತು. ಅದಕ್ಕೆ ಅವರ ಕಸುಬಿನಲ್ಲಿ ಇರುವುದು ಒಂದೇ ಅರ್ಥ: ಸ್ನಾನ ಸರಿಯಾಗಿಲ್ಲ, ಒಳಗೆ ಕೊಳೆ ಉಳಿದಿದೆ.

ಅವರು ಯಾರಿಗೂ ಹೇಳಲಿಲ್ಲ. ಕಿಡಿ ನಿಲ್ಲಿಸಿ, ಒಳಗಿದ್ದ ಅನಿಲವನ್ನು ಪಂಪಿನ ಹೊರನಳಿಕೆಯಿಂದ ಅಂಗಳಕ್ಕೆ ಬಿಟ್ಟು, ನೀರು ಚೆಲ್ಲಿ, ಗೋಳವನ್ನು ತೊಳೆದು, ಒಣಗಿಸಿ, ಮತ್ತೆ ಸ್ನಾನ ಮಾಡಿಸಿ, ಮತ್ತೆ ತುಂಬಿದರು. ಅದೇ ಎರಡು ದಿನದ ಕೆಲಸ. ಮೇಡಂ ಫೋನ್ ಮಾಡಿ "ಹೇಗಿದೆ ಅಕ್ಕ?" ಎಂದಾಗ "ಚೆನ್ನಾಗಿದೆ" ಎಂದರು. ಮತ್ತೆ ಕಿಡಿ ಓಡಿತು, ಮತ್ತೆ ಅದೇ ಜಾಗದಲ್ಲಿ ಅದೇ ಕಂದು. ಈ ಸಲ ಪಂಪಿನ ಎಣ್ಣೆಯನ್ನೇ ಅನುಮಾನಿಸಿ ಹೊಸ ಎಣ್ಣೆ ಹಾಕಿದರು, ಎಲ್ಲ ಬೆಸುಗೆಯನ್ನೂ ಭೂತಗನ್ನಡಿ ಹಿಡಿದು ನೋಡಿದರು, ಇನ್ನೊಮ್ಮೆ ತೊಳೆದರು. ಮೂರನೆಯ ಸಲ ತುಂಬುವಷ್ಟರಲ್ಲಿ ಅನಿಲದ ಸೀಸೆಗಳು ಬಹುತೇಕ ಖಾಲಿ. ಮಾರನೆಯ ದಿನವೇ ಕಂದು ಮತ್ತೆ ಹಾಜರಾಯಿತು.

ಅಪ್ಪ ಚಹಾ ಹಿಡಿದು ಹೋದಾಗ ಅತ್ತೆ ಕಿಡಿ ನಿಲ್ಲಿಸಿ, ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತ ಕುಳಿತಿದ್ದರು.

"ನನ್ನ ಕೈ ಹೋಯ್ತು ಕಣೋ," ಎಂದರು.

"ಯಾವ ಕೈ? ಎರಡೂ ಇಲ್ಲೇ ಇವೆಯಲ್ಲ."

"ತಮಾಷೆ ಬೇಡ. ಇಷ್ಟು ವರ್ಷದಲ್ಲಿ ಕಂದಾದ ಕೊಳವೆ ಅಂದ್ರೆ ಒಂದೇ ಒಂದು. ಈಗ ಒಂದೇ ಗೋಳ ಮೂರು ಸಲ. ಕಣ್ಣೂ ಮಂಜಾಗಿದೆ, ಕೈಗೂ ಹದ ತಪ್ಪಿದೆ, ನನಗೇ ಗೊತ್ತಾಗ್ಲಿಲ್ಲ. ಇನ್ನು ತೊಳೆದ್ರೆ ತುಂಬೋಕೆ ಅನಿಲಾನೂ ಇಲ್ಲ. ಮೇಡಂಗೆ ಚಿತ್ರ ಬರೆಸಿಕೊಳ್ಳೋಕೆ ಹೇಳ್ಬಿಡು. ನಿನ್ನ ಮೇಜಿಗೆ ಅಳತೆ ತಗೋ."

ಅಪ್ಪ ಅಳತೆ ತೆಗೆದುಕೊಳ್ಳಲಿಲ್ಲ. ಚಹಾ ಲೋಟ ಇಟ್ಟು, ಅಂಗಳಕ್ಕೆ ಹೋಗಿ, ಮೇಡಂಗೆ ಫೋನ್ ಮಾಡಿದರು. ಅವರಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ, ಎದುರಿನವರು ಬೀದಿಯಾಚೆ ಇದ್ದಾರೆಂಬಂತೆ ಕೂಗುತ್ತಾರೆ. "ಮೇಡಂ, ನಮ್ಮಕ್ಕ ಬರ್ನರ್ ಮಾರೋ ಮಾತಾಡ್ತಿದ್ದಾಳೆ! ಗೋಳ ಕೊಳೆಯಾಗಿದೆಯಂತೆ! ನೀವು ಬರಬೇಕು!" ಎಂದರು. ಬೀದಿಯವರಿಗೆಲ್ಲ ಕೇಳಿಸಿತು. ಒಳಗಿದ್ದ ಅತ್ತೆಗೂ ಕೇಳಿಸಿತು.

ಮೇಡಂ ಅದೇ ಮಧ್ಯಾಹ್ನ ಬಂದರು. ಪರದೆ ಸರಿಸಿ ಕಂದು ಕಲೆ ನೋಡಿದ್ದೇ ಚಪ್ಪಾಳೆ ತಟ್ಟಿದರು. "ಆಯ್ತಲ್ಲ ಅಕ್ಕ! ಎಷ್ಟು ಬೇಗ!"

"ಏನಾಯ್ತು?"

"ಇದೇ ಬೇಕಿದ್ದದ್ದು! ಕಿಡಿ ಆ ಅನಿಲಾನ ಒಡೆಯತ್ತೆ. ಒಡೆದ ಚೂರುಗಳು ಸಿಕ್ಕ ಸಿಕ್ಕವರ ಕೈ ಹಿಡೀತಾವೆ. ಹೆಚ್ಚಿನವು ಹೀಗೆ ಸಿಕ್ಕುಸಿಕ್ಕಾಗಿ ಸೇರಿ ಟಾರಿನ ಥರ ಗಾಜಿಗೆ ಅಂಟ್ಕೊಳ್ತಾವೆ. ಕೆಲವು ನೀರಿಗೆ ಇಳಿದು, ಅಲ್ಲಿ ಇನ್ನೊಂದು ಸುತ್ತು ಕೂಡಿಕೊಂಡು ಅಮೈನೋ ಆಮ್ಲ ಆಗ್ತಾವೆ. ಗಾಜು ಕಂದಾಗ್ತಿದೆ ಅಂದ್ರೆ ಒಳಗೆ ಕೆಲಸ ನಡೀತಿದೆ ಅಂತ."

ಅತ್ತೆ ಗೋಳದತ್ತ ಬೆರಳು ತೋರಿಸಿದರು. ಆಮೇಲೆ ಮೆಲ್ಲಗೆ, "ನಾನು ಇದನ್ನ ಎರಡು ಸಲ ತೊಳೆದು ಚೆಲ್ಲಿದ್ದೀನಿ ಮೇಡಂ," ಎಂದರು.

ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮರುಕ್ಷಣ ನಗು ತಡೆಯಲಾಗದೆ ಮೇಜು ಹಿಡಿದು ನಿಂತರು. "ಎರಡು ಸಮುದ್ರಾನ ಮೋರಿಗೆ ಬಿಟ್ರಾ ಅಕ್ಕ! ಅಯ್ಯೋ, ತಪ್ಪು ನಂದು. ನೀರಿನ ಬಣ್ಣ ಹೇಳಿ ಗಾಜಿನದು ಹೇಳೋದು ಮರೆತೆ. ನಮಗೆ ಕೊಳೆಯಾದ ಗಾಜು ಅಂದ್ರೆ ಖುಷಿ. ನಿಮಗೆ ಅದು ಹೀಗೆ ಅನ್ಸತ್ತೆ ಅಂತ ನನ್ನ ತಲೆಗೇ ಬರಲಿಲ್ಲ."

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅತ್ತೆ ನಗಲಿಲ್ಲ. ಗೋಳವನ್ನೇ ನೋಡುತ್ತ ಕೇಳಿದರು. "ಇದು ನೀವು ಹೇಳಿದ್ದೇ ಕಂದು ಅಂತ ಹೇಗೆ ಗೊತ್ತು? ನನ್ನ ಪಂಪಿನ ಎಣ್ಣೆ ಕೊಳೆಯೂ ಹೀಗೇ ಕಾಣತ್ತೆ. ನನ್ನ ಕೈ ಕೊಳೆ ನಿಮ್ಮ ಹಳೇ ಭೂಮಿ ಅಂತ ಮಕ್ಕಳಿಗೆ ತೋರಿಸಿಬಿಟ್ರೆ?"

ಈಗ ಮೇಡಂ ನಗು ನಿಲ್ಲಿಸಿದರು. "ಕೇಳಬೇಕಾದ್ದು ಅದನ್ನೇ," ಎಂದರು. ಅದಕ್ಕೊಂದು ದಾರಿಯಿದೆ: ಅದೇ ನೀರು, ಅದೇ ಅನಿಲ, ಅದೇ ಪಂಪು, ಅದೇ ಕೈ. ಆದರೆ ಕಿಡಿ ಮಾತ್ರ ಇಲ್ಲದ ಇನ್ನೊಂದು ಗಾಜು ಬೇಕು. ಅದರ ನೀರಿನಲ್ಲೂ ಏನಾದರೂ ಸಿಕ್ಕಿದರೆ ಅದು ಕೊಳೆ. ಅದರಲ್ಲಿ ಏನೂ ಸಿಗದೆ ಇದರಲ್ಲಿ ಮಾತ್ರ ಸಿಕ್ಕಿದರೆ ಅದು ಕಿಡಿಯ ಫಲ. ಸೀಸೆಗಳ ತಳದಲ್ಲಿ ಉಳಿದಿದ್ದ ಅನಿಲ ಹೆಬ್ಬೆರಳು ಗಾತ್ರದ ಒಂದು ಕೊಳವೆಗೆ ಸಾಕಾಯಿತು. ಅತ್ತೆ ಅದನ್ನು ತುಂಬಿ, ತಿರುಪು ಮುಚ್ಚಿ, ಬಿಸಿ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಪಂಜರದ ಪಕ್ಕ ಇಟ್ಟರು. ಅದನ್ನು ಅಪ್ಪ ಸೋಮಾರಿ ಎಂದು ಕರೆದರು.

ಕೇಂದ್ರದ ಹಿರಿಯರಿಗೆ ತೋರಿಸಲು ಉಳಿದದ್ದು ನಾಲ್ಕೇ ದಿನ. ಆ ನಾಲ್ಕು ದಿನ ಅತ್ತೆಗೆ ದೊಡ್ಡ ಶಿಕ್ಷೆಯಾಯಿತು. ಗೋಳ ದಿನದಿನಕ್ಕೂ ಕಂದಾಗುತ್ತಿತ್ತು, ಅವರು ನೋಡುತ್ತ ಸುಮ್ಮನಿರಬೇಕಿತ್ತು. ಕೆಲವೊಮ್ಮೆ ಒರೆಸುವ ಬಟ್ಟೆ ಹಿಡಿದು ಪರದೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕೊಳೆ ಇರುವುದು ಒಳಗಡೆ, ಬಟ್ಟೆ ಹಿಡಿದು ಏನೂ ಪ್ರಯೋಜನವಿಲ್ಲ, ಅದು ಅವರಿಗೂ ಗೊತ್ತು.

"ಬಟ್ಟೆ ಕೆಳಗಿಡು ಅಕ್ಕ," ಎಂದು ಅಪ್ಪ ಓಣಿಯಿಂದ ಹೇಳುತ್ತಿದ್ದರು.

"ಹೊರಗಡೆ ಧೂಳು ಒರೆಸ್ತಿದ್ದೀನಿ."

"ಬೆಳಗ್ಗೆಯಿಂದ ಐದು ಸಲ ಒರೆಸಿದೆ. ಗಾಜು ಸವೆದುಹೋಗತ್ತೆ."

ಕೊನೆಯ ದಿನ ಮೇಡಂ ಒಂದು ಎತ್ತರದ ಗಾಜಿನ ಜಾಡಿ, ಶಾಯಿ ಹೀರುವ ಒತ್ತುಕಾಗದದಂಥ ದಪ್ಪ ಕಾಗದ, ಎರಡು ಪುಟ್ಟ ಸೀಸೆ ತಂದರು. ಗೋಳದ ನೀರನ್ನು ಬಟ್ಟಲಿಗೆ ಹಾಕಿ, ಹಿತ್ತಲಿನಲ್ಲಿ ಬೆಚ್ಚಗೆ ಆವಿಯಾಗಿಸಿ ಗಟ್ಟಿ ಮಾಡಿದರು. ಅದರಲ್ಲಿ ಅಮೋನಿಯಾ ಉಳಿದರೆ ಕಾಗದವೆಲ್ಲ ಬಣ್ಣ ತಿರುಗಿ ಏನೂ ತಿಳಿಯದಂತಾಗುತ್ತದಂತೆ. ಸೋಮಾರಿಯ ನೀರಿಗೂ ಹಾಗೆಯೇ ಮಾಡಿದರು. ಕಾಗದದ ಕೆಳ ಅಂಚಿನಲ್ಲಿ ಮೂರು ಚುಕ್ಕೆ ಇಟ್ಟರು. ಎಡಗಡೆ ಅಂಗಡಿಯಿಂದ ತಂದ ಶುದ್ಧ ಗ್ಲೈಸೀನ್, ಅದು ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು. ನಡುವೆ ಸೋಮಾರಿ. ಬಲಗಡೆ ಗೋಳ. ಕಾಗದವನ್ನು ಜಾಡಿಯೊಳಗೆ ಹುಳಿವಾಸನೆಯ ದ್ರವದಲ್ಲಿ ಅಂಚು ಮುಳುಗುವಂತೆ ನಿಲ್ಲಿಸಿದರು. ದ್ರವ ಕಾಗದವನ್ನು ಹತ್ತುತ್ತ ಚುಕ್ಕೆಗಳಲ್ಲಿರುವುದನ್ನು ಜೊತೆಗೆ ಕರೆದೊಯ್ಯುತ್ತದೆ. ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಆದರೆ ಏನೂ ಕಾಣುವುದಿಲ್ಲ. ಕಾಣಬೇಕಾದರೆ ಇನ್ನೊಂದು ದ್ರವ ಸಿಂಪಡಿಸಿ, ಬಿಸಿ ಮಾಡಬೇಕು. ಅಮೈನೋ ಆಮ್ಲ ಇರುವ ಕಡೆ ನೇರಳೆ ಬಣ್ಣ ಏಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕಾಗದ ಹೊರಗೆ ಬಂತು. ಮೇಡಂ ಕೈಗವಸು ಹಾಕಿಕೊಂಡು ಚಿಮಟದಲ್ಲಿ ಹಿಡಿದು ಒಣಹಾಕಲು ಹಿತ್ತಲ ತಂತಿಯ ಹತ್ತಿರ ಒಯ್ದರು. ಗಾಳಿ ಬೀಸಿತು. ಕಾಗದ ಚಿಮಟದಿಂದ ಜಾರಿತು. ಪಕ್ಕದಲ್ಲಿದ್ದ ಅಪ್ಪ ಅದು ನೆಲಕ್ಕೆ ಬೀಳುವ ಮೊದಲೇ ಗಬಕ್ಕನೆ ಹಿಡಿದುಬಿಟ್ಟರು.

"ಸಿಕ್ತು!" ಎಂದರು ಹೆಮ್ಮೆಯಿಂದ.

ಮೇಡಂ ಅವರ ಬರಿಗೈಯನ್ನು ನೋಡಿದರು. ಒಣಗಿದ ಮೇಲೆ ಸಿಂಪಡಿಸಿದರು. ಬಿಸಿ ಮಾಡಲು ಇಸ್ತ್ರಿ ಪೆಟ್ಟಿಗೆಗಿಂತ ಒಳ್ಳೆಯದು ಮನೆಯಲ್ಲಿ ಯಾವುದೂ ಇರಲಿಲ್ಲ. ಅಪ್ಪ ಅದನ್ನು ರೇಷ್ಮೆಯ ಹದಕ್ಕೆ ಇಟ್ಟು, ಕಾಗದದ ಮೇಲೊಂದು ಕಾಗದ ಹಾಸಿ, ಮದುವೆ ಬಟ್ಟೆಗೆ ಮಾಡುವಷ್ಟು ಜಾಗರೂಕತೆಯಿಂದ ಎಳೆದರು. ಎತ್ತಿ ನೋಡಿದರೆ ಎಡಗಡೆ ಚೆಂದದ ಒಂದು ನೇರಳೆ ಚುಕ್ಕೆ. ಬಲಗಡೆ ನಾಲ್ಕು ದಪ್ಪ ನೇರಳೆ ಗುರುತು, ಹಿಂದುಗಡೆ ಇನ್ನೊಂದು. ಗೆರೆಗೆರೆಯಾಗಿ, ಸುಳಿಸುಳಿಯಾಗಿ. ಅಪ್ಪನ ಐದೂ ಬೆರಳು.

"ಇದೇನಿದು, ನನ್ನ ಬೆರಳು ಯಾಕೆ ಬಂತು?" ಅಪ್ಪ ಕಂಗಾಲಾದರು.

"ನಿಮ್ಮ ಬೆವರಲ್ಲೂ ಅಮೈನೋ ಆಮ್ಲ ಇದೆ ಅಣ್ಣ," ಎಂದರು ಮೇಡಂ. "ಎಲ್ಲರ ಬೆವರಲ್ಲೂ ಇರತ್ತೆ."

"ಅಂದ್ರೆ ಆ ಗೋಳದಲ್ಲಿ ಹುಡುಕ್ತಿರೋದು ನನ್ನ ಕೈಯಲ್ಲೇ ಇದೆಯಾ? ಮೊದಲೇ ಹೇಳಿದ್ರೆ ನಾನೇ ಕೇಂದ್ರದಲ್ಲಿ ಬಂದು ನಿಲ್ತಿದ್ದೆನಲ್ಲ!"

"ಹಾಳು ಮಾಡಿದೆಯಲ್ಲೋ!" ಅತ್ತೆ ಕೂಗಿದರು. "ನೋಡಿ ಮೇಡಂ, ಸರಿಯಾಗಿ ನನ್ನ ಗೋಳದ ದಾರಿಯಲ್ಲೇ ಬೆರಳು ಒತ್ತಿದ್ದಾನೆ. ಈಗ ಬಂದದ್ದು ಗೋಳದ್ದೋ ಇವನದ್ದೋ?"

ಬೆರಳಿನ ಕೆಳಗೆ ಏನೋ ಇದ್ದಂತೆ ಕಾಣುತ್ತಿತ್ತು. ಮೇಡಂ ಕಾಗದವನ್ನು ಬೆಳಕಿಗೆ ಹಿಡಿದು, "ಇರಬಹುದು ಅನ್ಸತ್ತೆ," ಎಂದರು.

"ಅನ್ಸೋದು ಬೇಡ ಮೇಡಂ. ನಾಳೆ ಬೆಳಗ್ಗೆ ಇನ್ನೊಂದು ಸಲ ಮಾಡೋಣ. ಇಲ್ಲ ಅಂದ್ರೆ ಇಲ್ಲ ಅಂತ ಗೊತ್ತಾಗ್ಲಿ."

ಹಿರಿಯರು ಬರುವುದು ಮಾರನೆಯ ಸಂಜೆ. ಬೆಳಗಿನಿಂದ ಎಲ್ಲ ಮೊದಲಿನಿಂದ ನಡೆಯಿತು. ಅಪ್ಪನನ್ನು ಓಣಿಯಲ್ಲಿ ಕುರ್ಚಿ ಹಾಕಿ ಕೂರಿಸಲಾಯಿತು. ಇಸ್ತ್ರಿಗೆ ಮಾತ್ರ ಅವರ ಕೈಯೇ ಬೇಕಿತ್ತು, ಅದಕ್ಕೆ ಅವರು ಒಗೆದ ಅಸ್ತರಿ ಬಟ್ಟೆಯಲ್ಲಿ ಹೆಬ್ಬೆರಳಿಲ್ಲದ ಎರಡು ಚೀಲ ಹೊಲಿದು ಕೈಗೆ ತೊಟ್ಟುಕೊಂಡಿದ್ದರು. ಅಮ್ಮ ಅವರ ಬಾಯಿಗೆ ಲೋಟ ಹಿಡಿದು ಚಹಾ ಕುಡಿಸಿದರು. "ಮದುವೆಯಾದಾಗಿನಿಂದ ಇಷ್ಟು ಸುಮ್ಮನೆ ಕೂತಿದ್ದು ಇವತ್ತೇ," ಎಂದರು.

ಕಾಗದ ಒಣಗಿತು. ಮೇಡಂ ಸಿಂಪಡಿಸಿದರು. ಅಪ್ಪ ಚೀಲದ ಕೈಯಲ್ಲಿ ಇಸ್ತ್ರಿ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೇಡಂ ಮೇಲಿನ ಕಾಗದ ಎತ್ತಿದರು.

ಎಡಗಡೆ ಶುದ್ಧ ಗ್ಲೈಸೀನಿನ ನೇರಳೆ. ಬಲಗಡೆ, ಸರಿಯಾಗಿ ಅದೇ ಎತ್ತರದಲ್ಲಿ, ತೆಳ್ಳನೆಯ ನೇರಳೆ. ಗಾಢವಾಗಿರಲಿಲ್ಲ, ನಾಲ್ಕೈದು ದಿನದ ಸಿಡಿಲಿಗೆ ಎಷ್ಟು ಬರಬಹುದೋ ಅಷ್ಟು. ಅದರ ಮೇಲೆ ಇನ್ನೊಂದು ಕಂಡೂ ಕಾಣದ ಚುಕ್ಕೆ. ಮೇಡಂ "ಬಂತು!" ಎಂದರು. ಅಮ್ಮ, ಅಪ್ಪ, ನಾನು ಎಲ್ಲರೂ ಬಲಗಡೆಗೇ ಬಗ್ಗಿದೆವು.

ಅತ್ತೆ ಅತ್ತ ನೋಡಲೇ ಇಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ನಡುವಿನ ಜಾಗವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಸೋಮಾರಿಯ ದಾರಿ. ಅದೇ ಪಂಪು, ಅದೇ ಕೈ. ಅಲ್ಲಿ ಬಿಳಿ ಕಾಗದ ಬಿಟ್ಟು ಬೇರೇನೂ ಇರಲಿಲ್ಲ.

"ಏನೂ ಇಲ್ಲ," ಎಂದರು. ಇನ್ನೊಮ್ಮೆ ನೋಡಿ, "ಏನಂದ್ರೆ ಏನೂ ಇಲ್ಲ ನೋಡೋ!" ಎಂದು ಅಪ್ಪನ ಬೆನ್ನಿಗೆ ಒಂದು ಗುದ್ದಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಏನೂ ಇಲ್ಲದ್ದಕ್ಕೆ ಇಷ್ಟು ಸಂತೋಷ ಪಟ್ಟವರನ್ನ ಇವತ್ತೇ ನೋಡಿದ್ದು," ಎಂದರು ಅಪ್ಪ ಬೆನ್ನು ಸವರಿಕೊಳ್ಳುತ್ತ.

ಸಂಜೆ ಬಂದ ಹಿರಿಯರು ಕಾಗದ ನೋಡಿದರು, ಗೋಳ ನೋಡಿದರು. ಅವರಲ್ಲೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಆಗಿನ ಗಾಳಿಯಲ್ಲಿ ಈ ಅನಿಲಗಳು ಇಷ್ಟಿರಲಿಲ್ಲ, ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವೇ ಇತ್ತು ಎಂದು ಈಗ ಬಹಳ ಜನ ಹೇಳುತ್ತಾರಲ್ಲ? ಮೇಡಂ ಒಪ್ಪಿಕೊಂಡರು. "ಹೌದು ಸರ್. ಹಾಗಿದ್ರೆ ಹೀಗೆ ಹುಟ್ಟೋದು ಬಹಳ ಕಡಿಮೆ. ಸಮುದ್ರದ ತಳದ ಬಿಸಿ ಬುಗ್ಗೆಗಳಲ್ಲಿ ಹುಟ್ಟಿರಬಹುದು, ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ ಬಂದಿರಬಹುದು, ಒಣಗಿ ಒದ್ದೆಯಾಗೋ ಸಣ್ಣ ಹೊಂಡಗಳಲ್ಲಿ ಕೂಡಿಕೊಂಡಿರಬಹುದು. ಎಲ್ಲದರಿಂದಲೂ ಒಂದಿಷ್ಟು ಇರಬಹುದು. ಹೀಗೇ ಆಯ್ತು ಅಂತ ಎದೆ ತಟ್ಟಿ ಹೇಳೋಕೆ ನಾವು ಹೊರಟಿಲ್ಲ. ಹೀಗೂ ಆಗಬಹುದು ಅಂತ ತೋರಿಸ್ತೀವಿ. ಮಿಕ್ಕಿದ್ದನ್ನೂ ಒಂದೊಂದಾಗಿ ತೋರಿಸಬೇಕು ಅಂತ ಆಸೆ." ಹಿರಿಯರು ಅತ್ತೆಯ ಕಡೆ ತಿರುಗಿ, ಬಿಸಿ ಬುಗ್ಗೆಗೂ ಹೊಂಡಕ್ಕೂ ಗಾಜು ಮಾಡಿಕೊಡಲಾಗುತ್ತದೆಯೇ ಎಂದು ಕೇಳಿದರು. ಅಳತೆ ಹಾಕಿದ ಚಿತ್ರ ಕೊಟ್ಟರೆ ಮಾಡುತ್ತೇನೆ ಎಂದರು ಅತ್ತೆ.

ಕಂದು ಗೋಳ ಈಗ ಕೇಂದ್ರದಲ್ಲಿದೆ. ಹೊಂಡದ ಕೆಲಸ ನಮ್ಮ ಮುಂದಿನ ಕೋಣೆಯಲ್ಲಿ ನಡೆಯುತ್ತಿದೆ: ಮೂಲೆಯ ಹಲಗೆಯ ಮೇಲೆ ಅಗಲವಾದ ಚಪ್ಪಟೆ ಬಟ್ಟಲುಗಳು, ಮೇಲೆ ಮೆಲ್ಲಗೆ ನೀರು ತೊಟ್ಟಿಕ್ಕುವ ಕೊಳವೆ. ನೀರು ಆರಬೇಕು, ಮತ್ತೆ ತೊಟ್ಟಿಕ್ಕಬೇಕು, ಮತ್ತೆ ಆರಬೇಕು. ಅದಕ್ಕೆ ವಾರಗಳು ಬೇಕು. ಅಷ್ಟು ದಿನ ಕೋಣೆಯಲ್ಲಿ ಬೆಂಕಿ ಹಚ್ಚಿದರೆ ಬಟ್ಟಲುಗಳ ಹದ ಕೆಡುತ್ತದೆ, ಆದ್ದರಿಂದ ಬರ್ನರ್ ಆರಿಸಿಯೇ ಇರುತ್ತದೆ. ಮೇಜು ಖಾಲಿ.

ಮೊದಲ ಬಟ್ಟಲುಗಳನ್ನು ಇಟ್ಟ ದಿನ ಅತ್ತೆ ಕೊಳವೆಗಳನ್ನೆಲ್ಲ ಒಂದು ಗೋಡೆಗೆ ಸರಿಸಿ, ಮೇಜಿನ ಮೇಲಿನ ಗಾಜಿನ ಚೂರುಗಳನ್ನು ಬ್ರಷ್‌ನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒರೆಸಿ, ಅಂಗೈ ಆಡಿಸಿ ನೋಡಿದರು. ಆಮೇಲೆ ಓಣಿಯ ಕಡೆಗೆ ಕೂಗಿದರು.

"ಬೆಂಕಿ ಇಲ್ಲದ ದಿನ ಮೇಜು ನಿಂದು. ಬೆಂಕಿ ಹಚ್ಚಿದ ದಿನ ಮತ್ತೆ ಮಂಚಕ್ಕೆ ಹೋಗ್ಬೇಕು. ಒಂದೇ ಒಂದು ದಾರದ ಎಳೆ ನನ್ನ ಬಟ್ಟಲಿಗೆ ಬಿದ್ರೂ ನೋಡು!"

"ಬಿದ್ರೆ ಅದರಿಂದಲೂ ಏನಾದ್ರೂ ಹುಟ್ಟಬಹುದು ಅಕ್ಕ."

"ಹುಟ್ಟತ್ತೆ, ನಿನ್ನಂಥದ್ದೇ ಒಂದು. ಬಾ, ಬೇಗ ಹಾಸು."

ಅಪ್ಪ ಆರು ಮೀಟರಿನ ಬೂದು ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ತಂದು ಮೇಜಿನ ಒಂದು ತುದಿಯಿಂದ ಬಿಚ್ಚತೊಡಗಿದರು. ಅದು ಮೊದಲ ಸಲ ಮಡಿಕೆಯಿಲ್ಲದೆ ಪೂರ್ತಿ ಅಗಲಕ್ಕೆ ಹರಡಿತು. ಅತ್ತೆ ಇನ್ನೊಂದು ತುದಿಗೆ ಹೋಗಿ ನಿಂತು, ಬಟ್ಟೆಯ ಅಂಚು ಹಿಡಿದು, ಸುಕ್ಕು ಹೋಗುವವರೆಗೆ ತಮ್ಮ ಕಡೆಗೆ ಎಳೆದರು. ಅಪ್ಪ ಕತ್ತರಿ ತೆಗೆದುಕೊಂಡು ನೆಟ್ಟಗೆ ನಿಂತರು.